ಎಲ್ಲಾ ಇದೆ, ಆದರೂ ಆರಾಮವಿಲ್ಲ

ರಾತ್ರಿ ಒಂಬತ್ತೂವರೆ ಆಗಿತ್ತು. ಕ್ಲಿನಿಕ್ಕಿನ ಷಟರ್ ಅರ್ಧ ಎಳೆದಾಗಿತ್ತು. ಅಷ್ಟರಲ್ಲಿ ಪರಿಚಯದ ವ್ಯಾಪಾರಿಯೊಬ್ಬರು ಬಗ್ಗಿ ಒಳಗೆ ಬಂದರು. ವಯಸ್ಸು 48. ನಮ್ಮ ದಾವಣಗೆರೆಯಲ್ಲಿ ಅವರಿಗೆ ಎರಡು ಹಾರ್ಡ್‌ವೇರ್ ಅಂಗಡಿಗಳಿವೆ. ಎದೆ ಹಿಡಿದಂತಾಗುತ್ತದೆ, ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ, ಊಟ ರುಚಿಸುವುದಿಲ್ಲ, ಮಾತು ಮಾತಿಗೆ ಸಿಟ್ಟು ಬರುತ್ತದೆ ಎಂದರು. ಆಗಲೇ ಇಸಿಜಿ ತೆಗೆದೆ. ಮರುದಿನ ಹೃದಯದ ಸ್ಕ್ಯಾನ್, ಟ್ರೆಡ್‌ಮಿಲ್ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲವೂ ಆದವು. ರಕ್ತದೊತ್ತಡ 150/96 ಇತ್ತು. ಸಕ್ಕರೆ ಅಂಚಿನಲ್ಲಿತ್ತು. ಹೃದಯದಲ್ಲಿ ದೋಷವೇನೂ ಕಾಣಲಿಲ್ಲ.

ವಾರದ ನಂತರ ಫೈಲನ್ನು ಮೇಜಿನ ಮೇಲಿಟ್ಟು ಅವರು ಹೇಳಿದ ಮಾತು ಇದು: "ಎಲ್ಲಾ ನಾರ್ಮಲ್ ಅಂತಾರೆ ಸಾರ್. ಮನೆ ಐತೆ, ಕಾರ್ ಐತೆ, ಸಾಲ ಇಲ್ಲ. ಎಲ್ಲಾ ಐತೆ, ಆದ್ರೆ ಏನೂ ಇಲ್ಲ ಅನ್ನಿಸ್ತೈತೆ. ಇದಕ್ಕೆ ಮಾತ್ರೆ ಐತಾ?"

ಈ ಮಾತನ್ನು ಬೇರೆ ಬೇರೆ ರೂಪದಲ್ಲಿ ನಾನು ವಾರಕ್ಕೆ ಎರಡು ಮೂರು ಬಾರಿಯಾದರೂ ಕೇಳುತ್ತೇನೆ. ಹೇಳುವವರಲ್ಲಿ ಗುತ್ತಿಗೆದಾರರು, ಅಧಿಕಾರಿಗಳು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಿಂದ ಹಬ್ಬಕ್ಕೆ ಊರಿಗೆ ಬಂದ ಹುಡುಗರು, ನನ್ನಂಥ ವೈದ್ಯರು ಎಲ್ಲರೂ ಇದ್ದಾರೆ. ಈ ವಾರ ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಎದೆ ನೋವು ಬಂದರೆ "ಇದು ಬರೀ ಟೆನ್ಷನ್" ಎಂದು ನೀವೇ ತೀರ್ಮಾನಿಸಬೇಡಿ. ಮೊದಲು ಇಸಿಜಿ ಆಗಲಿ, ವೈದ್ಯರು ನೋಡಲಿ. ಮನಸ್ಸಿನ ಮಾತು ಆಮೇಲೆ.

ದೇಹವೂ ಲೆಕ್ಕ ಇಡುತ್ತದೆ

ನಮ್ಮ ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿ ಇಟ್ಟಂತೆ ಎರಡು ಚಿಕ್ಕ ಗ್ರಂಥಿಗಳಿವೆ. ಅವುಗಳ ಹೆಸರು ಅಡ್ರಿನಲ್. ಅಪಾಯ ಎದುರಾದಾಗ ಇವು ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಬಿಡುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಓಡಲು ಇದೆಲ್ಲ ಬೇಕು. ನಾಯಿ ಹಿಂದಿರುಗಿದ ಮೇಲೆ ದೇಹ ತಾನಾಗಿ ತಣ್ಣಗಾಗುತ್ತದೆ.

ಆದರೆ ಬಾಕಿ ವಸೂಲಿ, ತೆರಿಗೆಯ ಗಡುವು, ಪಕ್ಕದ ಅಂಗಡಿಯ ಪೈಪೋಟಿ, ಮಲಗಿದ ಮೇಲೂ ಮಿನುಗುವ ಮೊಬೈಲ್, ಇವು ಹಿಂದಿರುಗುವ ನಾಯಿಗಳಲ್ಲ. ದೇಹ ತಣ್ಣಗಾಗಲು ಬಿಡುವೇ ಸಿಗದಿದ್ದರೆ ಒತ್ತಡ ಏರಿದಲ್ಲೇ ನಿಲ್ಲತೊಡಗುತ್ತದೆ, ಸಕ್ಕರೆ ಅಂಚಿಗೆ ಬರುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ನಿದ್ದೆ ತುಂಡಾಗುತ್ತದೆ. ನಿದ್ದೆಗೆಂದು ರಾತ್ರಿ ಎರಡು ಪೆಗ್ ಹಾಕುವವರು ಒಂದು ವಿಷಯ ತಿಳಿದಿರಲಿ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ ನಿಜ. ಆದರೆ ಅದರ ಅಮಲು ಇಳಿಯುವ ನಡುರಾತ್ರಿಯ ಹೊತ್ತಿಗೆ ಅದೇ ನಿದ್ದೆಯನ್ನು ಕೆಡಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಸೇರಿ ಒಂದು ಲೆಕ್ಕ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಸಂಭವ ಶೇ 35ರಷ್ಟು ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಸಂಭವ ಶೇ 17ರಷ್ಟು ಹೆಚ್ಚು. 2016ರಲ್ಲಿ ಜಗತ್ತಿನಲ್ಲಿ ಸುಮಾರು 7 ಲಕ್ಷ 45 ಸಾವಿರ ಮಂದಿ ಹೀಗೆ ಅತಿದುಡಿಮೆಯ ಕಾರಣದಿಂದ ಸತ್ತರೆಂದು ಆ ವರದಿ ಅಂದಾಜು ಮಾಡಿತು.

ಹಾಗಾದರೆ ಹಣ ಬೇಡವೇ?

ಬೇಕು. ಹಣ ಮುಖ್ಯವಲ್ಲ ಎಂದು ಹೊಟ್ಟೆ ತುಂಬಿದವರು ಹೇಳುವ ಮಾತನ್ನು ನಾನು ನಂಬುವುದಿಲ್ಲ. ದುಡ್ಡಿಲ್ಲದೆ ಇನ್ಸುಲಿನ್ ಬಿಟ್ಟವರನ್ನು, ಕೂಲಿ ತಪ್ಪುತ್ತದೆಂದು ಜ್ವರದಲ್ಲೇ ಗಾರೆ ಕೆಲಸಕ್ಕೆ ಹೋದವರನ್ನು ನಾನು ನೋಡಿದ್ದೇನೆ. ಅವರಿಗೆ "ಇದ್ದುದರಲ್ಲಿ ತೃಪ್ತಿಪಡಿ" ಎಂದು ಉಪದೇಶಿಸುವುದು ವೈದ್ಯಕೀಯವೂ ಅಲ್ಲ, ಸಭ್ಯತೆಯೂ ಅಲ್ಲ. ಸಾಲದ ಚಿಂತೆ ತಾನೇ ಒಂದು ರೋಗಕಾರಣ. ನಮ್ಮ ಹಿರಿಯರೂ ಅರ್ಥವನ್ನು ನಾಲ್ಕು ಪುರುಷಾರ್ಥಗಳಲ್ಲಿ ಒಂದಾಗಿ ಎಣಿಸಿದರು. ಆದರೆ ಅದೊಂದೇ ಪುರುಷಾರ್ಥ ಎನ್ನಲಿಲ್ಲ. 12ನೇ ಶತಮಾನದ ಶರಣರು ಕಾಯಕವನ್ನು ಹೇಳಿದಾಗ ಪಕ್ಕದಲ್ಲೇ ದಾಸೋಹವನ್ನೂ ಇಟ್ಟರು.

ಹಣ ಮತ್ತು ನೆಮ್ಮದಿಯ ಸಂಬಂಧವನ್ನು ಅಳೆಯಲು ಪ್ರಯತ್ನಗಳು ನಡೆದಿವೆ. ನೊಬೆಲ್ ಪುರಸ್ಕೃತ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ 2010ರಲ್ಲಿ ಒಂದು ಪ್ರಬಂಧ ಬರೆದರು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 75 ಸಾವಿರ ಡಾಲರ್ ಆದಾಯದ ಆಚೆಗೆ ದಿನದಿನದ ಸಂತೋಷ ಹೆಚ್ಚುವುದಿಲ್ಲ ಎಂದು ಅದರಲ್ಲಿ ಹೇಳಿದರು. 2023ರಲ್ಲಿ ಕಾನಮನ್ ಇತರ ಸಂಶೋಧಕರೊಡನೆ ಸೇರಿ ಆ ಮಾತನ್ನು ತಿದ್ದಿದರು. ಹೆಚ್ಚಿನ ಜನರಲ್ಲಿ ಆದಾಯದೊಂದಿಗೆ ಸಂತೋಷ ನಿಧಾನವಾಗಿ ಏರುತ್ತಲೇ ಹೋಗುತ್ತದೆ. ಆದರೆ ಮೊದಲೇ ದುಃಖದಲ್ಲಿರುವ ಒಂದು ಗುಂಪಿಗೆ, ಒಂದು ಮಿತಿಯ ನಂತರ ಎಷ್ಟು ಹಣ ಬಂದರೂ ದುಃಖ ಕಡಿಮೆಯಾಗುವುದಿಲ್ಲ.

ಇದರ ಅರ್ಥ ಸರಳ. ಬಡತನದಿಂದ ಬರುವ ದುಃಖವನ್ನು ಹಣ ಕಳೆಯಬಲ್ಲದು. ಒಂಟಿತನ, ಮುರಿದ ಸಂಬಂಧ, ಅಗಲಿಕೆ, ಅರ್ಥವಿಲ್ಲದ ದುಡಿಮೆ ಇವುಗಳ ದುಃಖ ಅದಕ್ಕೆ ನಿಲುಕುವುದಿಲ್ಲ. ಇನ್ನೊಂದು ಸಂಗತಿಯೂ ಇದೆ. ತಿಂಗಳಿಗೆ 15 ಸಾವಿರ ದುಡಿಯುವವನಿಗೆ ಇನ್ನೊಂದು 10 ಸಾವಿರ ಬಂದರೆ ಬದುಕೇ ಬದಲಾಗುತ್ತದೆ. 5 ಲಕ್ಷ ದುಡಿಯುವವನಿಗೆ ಅದೇ 10 ಸಾವಿರ ಲೆಕ್ಕಕ್ಕೇ ಬರುವುದಿಲ್ಲ. ಆದರೂ ಆ 10 ಸಾವಿರಕ್ಕಾಗಿ ಆತನೂ ಭಾನುವಾರ ಅಂಗಡಿ ತೆರೆಯುತ್ತಾನೆ. ಕೊಟ್ಟದ್ದು ದೊಡ್ಡದು, ಬಂದದ್ದು ಚಿಕ್ಕದು.

ಮೂಗು ಕಲಿಸುವ ಪಾಠ

ದೇವರ ಕೋಣೆಯಲ್ಲಿ ಊದಿನಕಡ್ಡಿ ಹಚ್ಚಿದಾಗ ಮೊದಲ ನಿಮಿಷ ಪರಿಮಳ ತುಂಬಿಕೊಳ್ಳುತ್ತದೆ. ಹತ್ತು ನಿಮಿಷ ಅಲ್ಲೇ ಕುಳಿತರೆ ವಾಸನೆಯೇ ತಿಳಿಯುವುದಿಲ್ಲ. ಕಡ್ಡಿ ಆರಿರುವುದಿಲ್ಲ, ನಿಮ್ಮ ಮೂಗು ಒಗ್ಗಿಕೊಂಡಿರುತ್ತದೆ. ಮನಸ್ಸಿನ ಗುಣವೂ ಇದೇ. ಹೊಸ ಕಾರಿನ ಸಂಭ್ರಮ ಕೆಲವು ತಿಂಗಳು, ಹೊಸ ಮನೆಯದು ಇನ್ನೂ ಸ್ವಲ್ಪ ಹೆಚ್ಚು ಕಾಲ. ಆಮೇಲೆ ಅದು ಬರೀ ಮನೆ. ಆಗ ಪಕ್ಕದ ಬಡಾವಣೆಯ ಇನ್ನೊಂದು ಮನೆ ಕಣ್ಣಿಗೆ ಬೀಳುತ್ತದೆ.

ಇದು ದುರಾಸೆಯಲ್ಲ, ನರಮಂಡಲದ ಸ್ವಭಾವ. ಆದ್ದರಿಂದ ನಿಮ್ಮನ್ನು ನೀವು ಹಳಿದುಕೊಳ್ಳಬೇಕಾಗಿಲ್ಲ. ಆದರೆ ಈ ಸ್ವಭಾವ ತಿಳಿದ ಮೇಲೆ "ಇನ್ನೊಂದು ಸೈಟ್ ಆಗಲಿ, ಆಮೇಲೆ ನೆಮ್ಮದಿಯಾಗಿರುತ್ತೇನೆ" ಎಂಬ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು. ಆ ಸೈಟಿಗೂ ಮನಸ್ಸು ಒಗ್ಗಿಕೊಳ್ಳುತ್ತದೆ.

1938ರಿಂದ ನಡೆದಿರುವ ಅಧ್ಯಯನ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 1938ರಲ್ಲಿ ಒಂದು ಅಧ್ಯಯನ ಆರಂಭವಾಯಿತು. ಅಲ್ಲಿಯ 268 ವಿದ್ಯಾರ್ಥಿಗಳನ್ನು ಮತ್ತು ಬಾಸ್ಟನ್ ನಗರದ ಬಡ ಕೇರಿಗಳ 456 ಹುಡುಗರನ್ನು ಜೀವನದುದ್ದಕ್ಕೂ ಗಮನಿಸಲಾಯಿತು. ಅವರ ರಕ್ತ ಪರೀಕ್ಷೆ, ಕೆಲಸ, ಮದುವೆ, ಮುಪ್ಪು ಎಲ್ಲವನ್ನೂ ದಾಖಲಿಸಲಾಯಿತು. ಅವರಲ್ಲಿ ಶ್ರೀಮಂತರಾದವರಿದ್ದರು, ಕುಡುಕರಾದವರಿದ್ದರು. ಜಾನ್ ಕೆನಡಿ, ಅಮೆರಿಕದ ಅಧ್ಯಕ್ಷರಾಗಿದ್ದವರು, ಆ ವಿದ್ಯಾರ್ಥಿಗಳಲ್ಲಿ ಒಬ್ಬರು.

ಇಷ್ಟು ವರ್ಷಗಳ ದಾಖಲೆಯಿಂದ ಹೊರಟ ಮುಖ್ಯ ಮಾತು ಹಣದ್ದಲ್ಲ, ಹೆಸರಿನದೂ ಅಲ್ಲ. 50ನೇ ವಯಸ್ಸಿನಲ್ಲಿ ಯಾರಿಗೆ ತಮ್ಮ ಸಂಬಂಧಗಳಲ್ಲಿ ಹೆಚ್ಚು ತೃಪ್ತಿಯಿತ್ತೋ ಅವರೇ 80ರಲ್ಲಿ ಹೆಚ್ಚು ಆರೋಗ್ಯವಾಗಿದ್ದರು. ಮುಪ್ಪಿನ ಆರೋಗ್ಯವನ್ನು ಮುಂಚಿತವಾಗಿ ಊಹಿಸಲು ಕೊಲೆಸ್ಟರಾಲ್ ಅಂಕಿಗಿಂತ ಇದು ಉತ್ತಮ ಸೂಚಕವಾಗಿತ್ತು. ಅದು ಅಮೆರಿಕದ ಗಂಡಸರ ಕಥೆ, ನಮಗೇನು ಎನ್ನಬಹುದು. ಆದರೆ 2010ರಲ್ಲಿ 148 ಅಧ್ಯಯನಗಳನ್ನು, ಅಂದರೆ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಒಟ್ಟುಗೂಡಿಸಿ ನೋಡಿದಾಗಲೂ ಇದೇ ದಿಕ್ಕಿನ ಫಲ ಸಿಕ್ಕಿತು. ಆಪ್ತ ಸಂಬಂಧಗಳು ಗಟ್ಟಿಯಿದ್ದವರು ಬದುಕಿ ಉಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚಾಗಿತ್ತು.

ಟೋಕನ್ ನಂಬರ್ 23

ಇಷ್ಟೆಲ್ಲ ಹೇಳುವ ನಾನು ಹೇಗಿದ್ದೆ ಎಂಬುದನ್ನೂ ಹೇಳಿಬಿಡಬೇಕು.

ಕೆಲವು ವರ್ಷಗಳ ಹಿಂದೆ ನಾನು ಬೆಳಿಗ್ಗೆ, ಸಂಜೆ, ಭಾನುವಾರವೂ ಸೇರಿದಂತೆ ಕ್ಲಿನಿಕ್ ನಡೆಸುತ್ತಿದ್ದೆ. ಮನೆ ಕಟ್ಟಿದ ಸಾಲವಿತ್ತು. ಸಾಲ ತೀರಿದ ಮೇಲೂ ಅದೇ ವೇಳೆ ಮುಂದುವರಿಯಿತು. ರೋಗಿಗಳು ಬರುತ್ತಾರಲ್ಲ, ಹೇಗೆ ನಿಲ್ಲಿಸುವುದು ಎಂದುಕೊಳ್ಳುತ್ತಿದ್ದೆ. ಒಂದು ಸಂಜೆ ಕಾಂಪೌಂಡರ್ 23ನೇ ನಂಬರ್ ಕರೆದಾಗ ಪರದೆ ಸರಿಸಿ ಒಳಗೆ ಬಂದವಳು ನನ್ನ ಅವ್ವ. ವಯಸ್ಸು 72. ನನ್ನ ಮನೆಯಲ್ಲೇ ಇರುವವಳು. ಆಟೋ ಮಾಡಿಕೊಂಡು ಬಂದು, ಚೀಟಿ ತೆಗೆದುಕೊಂಡು, ಒಂದೂವರೆ ತಾಸು ಬೆಂಚಿನ ಮೇಲೆ ಕೂತಿದ್ದಳು.

"ಏನವ್ವ, ನೀನ್ಯಾಕೆ ಇಲ್ಲಿ?" ಎಂದೆ.

"ಮನ್ಯಾಗೆ ನೀನು ಸಿಗಲ್ಲ. ಇಲ್ಲಾದ್ರೆ ಚೀಟಿ ತಗಂಡ್ರೆ ಐದು ನಿಮಿಷನಾದ್ರೂ ಮಾತಾಡಿಸ್ತೀಯ ಅಂತ ಬಂದೆ" ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಇದ್ದ ಸಂಗತಿಯನ್ನೇ ಹೇಳಿದ್ದಳು.

ಅವಳ ರಕ್ತದೊತ್ತಡ 180/100 ಇತ್ತು. ಮಾತ್ರೆ ಮುಗಿದು ಮೂರು ವಾರವಾಗಿತ್ತಂತೆ. ನಾನು ಬಿಡುವಾದಾಗ ಹೇಳೋಣವೆಂದು ಕಾದಿದ್ದಳು. ದಿನಕ್ಕೆ 60 ಜನರ ಬಿ.ಪಿ. ನೋಡುವ ನಾನು ಪಕ್ಕದ ಕೋಣೆಯಲ್ಲಿ ಮಲಗುವ ಅವ್ವನ ಬಿ.ಪಿ. ನೋಡಿ ಎಂಟು ತಿಂಗಳಾಗಿತ್ತು. ಆ ದಿನ ಅವಳಿಗೆ ಪಾರ್ಶ್ವವಾಯು ಆಗದೇ ಇದ್ದುದು ನನ್ನ ಜಾಣತನದಿಂದಲ್ಲ. ವೈದ್ಯನ ಮನೆಯಲ್ಲೇ ಹೀಗಾದರೆ ಇತರರ ಮನೆಯಲ್ಲಿ ಆಗುವುದರಲ್ಲಿ ಆಶ್ಚರ್ಯವಿಲ್ಲ.

ವಾರದ 168 ಗಂಟೆ

ಆ ವ್ಯಾಪಾರಿಗೆ ನಾನು ಬಿ.ಪಿ. ಮಾತ್ರೆ ಬರೆದೆ. ಜೊತೆಗೆ ಒಂದು ಗೆರೆ ಹಾಳೆಯನ್ನೂ ಕೊಟ್ಟೆ. ಅಂಗಡಿಯ ಖಾತೆ ಬರೆಯುವವರಿಗೆ ಇದು ಸುಲಭ. ವಾರದಲ್ಲಿ ಎಲ್ಲರಿಗೂ ಸಿಗುವುದು 168 ಗಂಟೆ. ಅದು ಎಲ್ಲಿ ಖರ್ಚಾಯಿತು ಎಂದು ಏಳು ದಿನ ಪ್ರಾಮಾಣಿಕವಾಗಿ ಬರೆಯಬೇಕು.

ಅವರ ಲೆಕ್ಕ ಹೀಗಿತ್ತು. ಅಂಗಡಿ ದಿನಕ್ಕೆ ಹದಿಮೂರೂವರೆ ಗಂಟೆಯಂತೆ ಏಳೂ ದಿನ, 94.5 ಗಂಟೆ. ನಿದ್ದೆ ದಿನಕ್ಕೆ ಐದೂವರೆಯಂತೆ 38.5 ಗಂಟೆ. ಉಳಿದದ್ದು 35. ಸ್ನಾನ, ತಿಂಡಿ, ಊಟ, ಓಡಾಟ, ಮೊಬೈಲ್, ಟಿ.ವಿ. ಕಳೆದು, ಮನೆಯವರೊಡನೆ ಕುಳಿತು ಮಾತಾಡಿದ್ದು ವಾರಕ್ಕೆ ಎರಡು ಗಂಟೆಯೂ ಇರಲಿಲ್ಲ. ನಡಿಗೆಯ ಕಾಲಮ್ಮಿನಲ್ಲಿ ಸೊನ್ನೆ. "ಹಣಕ್ಕಲ್ಲದೆ ಇಷ್ಟಕ್ಕೆ ಮಾಡಿದ್ದು" ಎಂಬ ಕಾಲಮ್ಮಿನಲ್ಲೂ ಸೊನ್ನೆ. ಹಾಳೆಯನ್ನು ಬಹಳ ಹೊತ್ತು ನೋಡಿ, "ಈ ಲೆಕ್ಕದಾಗೆ ನಾನು ಲಾಸ್ ಸಾರ್" ಎಂದರು.

ನೀವೂ ಈ ವಾರ ಇದನ್ನು ಮಾಡಿ ನೋಡಿ. ಹಾಳೆ ತುಂಬಿದ ಮೇಲೆ ಎಲ್ಲವನ್ನೂ ಒಮ್ಮೆಲೇ ಬದಲಿಸಲು ಹೋಗಬೇಡಿ. ಕೆಳಗಿನವುಗಳಲ್ಲಿ ಒಂದೆರಡನ್ನು ಆರಿಸಿಕೊಳ್ಳಿ.

ನಿದ್ದೆ: ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ಬೇಕು. ಮೊಬೈಲನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ.

ನಡಿಗೆ: ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನವಾದರೆ ಸಾಕು. ಒಬ್ಬರೇ ಹೋಗುವ ಬದಲು ಮನೆಯವರನ್ನೋ ಗೆಳೆಯರನ್ನೋ ಕರೆದುಕೊಂಡು ಹೋದರೆ ಎರಡು ಕಾಲಮ್ಮುಗಳು ಒಟ್ಟಿಗೆ ತುಂಬುತ್ತವೆ.

ಒಂದು ಊಟ: ದಿನಕ್ಕೆ ಒಂದು ಹೊತ್ತಾದರೂ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿ. ಆಗ ಟಿ.ವಿ., ಮೊಬೈಲ್ ಬೇಡ. ಮಕ್ಕಳ ಅಂಕಪಟ್ಟಿಯ ವಿಚಾರಣೆಯೂ ಬೇಡ.

ಹಣ ತಾರದ ಒಂದು ಕೆಲಸ: ಪ್ರತಿಯೊಬ್ಬರಿಗೂ ಹಿಂದೆ ಇಷ್ಟವಿದ್ದು ಬಿಟ್ಟುಹೋದ ಒಂದು ಹವ್ಯಾಸ ಇರುತ್ತದೆ. ವಾಲಿಬಾಲ್, ರಂಗೋಲಿ, ಕೈತೋಟ, ನಾಟಕ, ಓದು, ಏನೇ ಇರಲಿ, ವಾರಕ್ಕೆ ಎರಡು ಗಂಟೆ ಅದಕ್ಕಿರಲಿ.

ಇನ್ನೊಬ್ಬರಿಗಾಗಿ ಸ್ವಲ್ಪ: ಮಂಗಳೂರಿನಲ್ಲಿ ಕಿತ್ತಳೆ ಮಾರಿ ಬದುಕುತ್ತಿದ್ದ ಹರೇಕಳ ಹಾಜಬ್ಬ ಅವರು ತಮ್ಮ ಊರಿನ ಮಕ್ಕಳಿಗೆ ಶಾಲೆ ಆಗುವಂತೆ ಮಾಡಿದ್ದು ನಿಮಗೆ ಗೊತ್ತೇ ಇದೆ. 2020ರಲ್ಲಿ ಅವರಿಗೆ ಪದ್ಮಶ್ರೀ ಪ್ರಕಟವಾಯಿತು. ಎಲ್ಲರೂ ಶಾಲೆ ಕಟ್ಟಿಸಬೇಕಾಗಿಲ್ಲ. ಪಕ್ಕದ ಮನೆಯ ಅಜ್ಜನನ್ನು ತಿಂಗಳಿಗೊಮ್ಮೆ ಕಣ್ಣಿನ ಪರೀಕ್ಷೆಗೋ ಬ್ಯಾಂಕಿಗೋ ಕರೆದೊಯ್ದರೂ ಸಾಕು. ನಾನು ಯಾರಿಗೋ ಬೇಕಾಗಿದ್ದೇನೆ ಎಂಬ ಭಾವನೆಗೆ ಬದಲಿಯಾದ ಮಾತ್ರೆ ಔಷಧ ಅಂಗಡಿಯಲ್ಲಿಲ್ಲ.

ಗೃಹಿಣಿಯರ ಹಾಳೆ

"ನನಗೆ ಸಂಬಳವೇ ಇಲ್ಲ, ಈ ಲೇಖನ ನನಗಲ್ಲ" ಎಂದು ಮನೆಯಲ್ಲಿ ದುಡಿಯುವ ಹೆಂಗಸರು ಪುಟ ತಿರುವಬಾರದು. ಅವರ ಹಾಳೆಯನ್ನೂ ತುಂಬಿಸಿ ನೋಡಿ. ಬೆಳಗಿನ ಐದೂವರೆಯಿಂದ ರಾತ್ರಿ ಹತ್ತರವರೆಗೆ ಎಲ್ಲ ಗಂಟೆಗಳೂ ಬೇರೆಯವರ ಹೆಸರಿನಲ್ಲಿರುತ್ತವೆ. ಹೊರಗೆ ನೌಕರಿಯನ್ನೂ ಮಾಡುವವರಾದರೆ ಎರಡು ಪಾಳಿ. ಯಜಮಾನರಿಗೆ ಸಮತೋಲನ ಬಂದು, ಅದರ ಭಾರ ಅಡಿಗೆಮನೆಗೆ ಬಿದ್ದರೆ ಅದು ಸಮತೋಲನವಲ್ಲ. ವಾರದಲ್ಲಿ ಒಂದು ಸಂಜೆ ಮನೆಯಾಕೆಯ ಸ್ವಂತಕ್ಕೆ ಇರಲಿ. ಆ ಸಂಜೆಯ ಅಡಿಗೆ ಉಳಿದವರ ಪಾಲು.

ಬೇಸರವೋ, ಕಾಯಿಲೆಯೋ?

ಎಲ್ಲ ಖಿನ್ನತೆಯೂ ಹಾಳೆ ಬರೆದರೆ ಹೋಗುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ, ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಹಸಿವು ಕೆಟ್ಟಿದ್ದರೆ, ತಾನು ಕೆಲಸಕ್ಕೆ ಬಾರದವನು ಎನಿಸುತ್ತಿದ್ದರೆ ವೈದ್ಯರನ್ನು ಕಾಣಿ. ಥೈರಾಯ್ಡ್ ರಸದ ಕೊರತೆ, ರಕ್ತಹೀನತೆ, ಬಿ12 ಜೀವಸತ್ವದ ಕೊರತೆಯಿಂದಲೂ ಇಂಥ ನಿಶ್ಶಕ್ತಿ ಬರುತ್ತದೆ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ಖಿನ್ನತೆಗೆ ಒಳ್ಳೆಯ ಚಿಕಿತ್ಸೆಯಿದೆ, ನಾಚಿಕೆಯ ಕಾರಣವಿಲ್ಲ. ಸಾಯುವ ಯೋಚನೆ ಸುಳಿದರಂತೂ ಒಂದು ದಿನವೂ ತಡಮಾಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರಲ್ಲಿ ಆರಂಭವಾದ ಈ ಸೇವೆ ಉಚಿತ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈಗ ಹೇಗಿದ್ದಾರೆ?

ಆ ವ್ಯಾಪಾರಿ ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚುತ್ತಾರೆ. ವಯಸ್ಸಿನಲ್ಲಿ ಅವರು ತಮ್ಮ ಹಳ್ಳಿಯ ಭಜನಾ ಮಂಡಳಿಯಲ್ಲಿ ತಬಲಾ ಬಾರಿಸುತ್ತಿದ್ದರಂತೆ. ಇಪ್ಪತ್ತು ವರ್ಷಗಳ ನಂತರ ಮತ್ತೆ ಹೋಗತೊಡಗಿದರು. ಮೊದಲ ದಿನ ಬೆರಳು ಓಡಲಿಲ್ಲ, ಹಳೆಯ ಗೆಳೆಯರು ನಕ್ಕರಂತೆ. ಬಿ.ಪಿ. ಮಾತ್ರೆ ನಿಂತಿಲ್ಲ. ಅದನ್ನು ತಾವಾಗಿ ನಿಲ್ಲಿಸಕೂಡದು ಎಂದೇ ಹೇಳಿದ್ದೇನೆ. ಒತ್ತಡ 130/84ರ ಆಸುಪಾಸಿನಲ್ಲಿದೆ. ಎದೆ ಹಿಡಿಯುವುದು ಅಪರೂಪವಾಗಿದೆ. ರಾತ್ರಿ ಮೂರಕ್ಕೆ ಎಚ್ಚರವಾಗುವುದು ಪೂರ್ತಿ ಹೋಗಿಲ್ಲ.

ವ್ಯಾಪಾರ ಹೇಗಿದೆ ಎಂದು ಕೇಳಿದೆ. "ಸ್ವಲ್ಪ ಕಮ್ಮಿ ಆಗೈತೆ ಸಾರ್. ಎಷ್ಟು ಕಮ್ಮಿ ಅಂತ ನೋಡಕ್ಕೆ ಹೋಗಿಲ್ಲ" ಎಂದರು.

ನನ್ನ ಕ್ಲಿನಿಕ್ಕಿನ ಬೋರ್ಡಿನಲ್ಲಿ ಈಗ "ಭಾನುವಾರ ರಜಾ" ಎಂದು ಬರೆಸಿದೆ. ಮೊದಲ ಒಂದೆರಡು ತಿಂಗಳು ಕೆಲವರು ಬೈದರು, ಕೆಲವರು ಬೇರೆ ವೈದ್ಯರಲ್ಲಿಗೆ ಹೋದರು. ಆದಾಯ ಸ್ವಲ್ಪ ಇಳಿಯಿತು, ಮನೆ ನಡೆಯುವುದೇನೂ ನಿಲ್ಲಲಿಲ್ಲ. ಭಾನುವಾರ ಬೆಳಿಗ್ಗೆ ಅಡಿಗೆಮನೆಯ ಕಟ್ಟೆಯ ಬಳಿ ಕುಳಿತು ಅವ್ವನ ಬಿ.ಪಿ. ನೋಡುತ್ತೇನೆ. ಕೈಪಟ್ಟಿ ಸುತ್ತಿದಾಗ ಮಾತಾಡಬಾರದು ಎಂದು ಎಷ್ಟು ಹೇಳಿದರೂ ಅವಳು ಊರಿನ ಸುದ್ದಿ ಹೇಳುತ್ತಲೇ ಇರುತ್ತಾಳೆ. ಹಾಗಾಗಿ ಎರಡು ಸಲ ನೋಡಬೇಕಾಗುತ್ತದೆ.

ನಿಮ್ಮ ಮನೆಯಲ್ಲಿ ನಿಮಗಾಗಿ ಚೀಟಿ ಹಿಡಿದು ಕಾದವರು ಯಾರಾದರೂ ಇದ್ದಾರೆಯೇ ಎಂದು ಇಂದು ಸಂಜೆ ಒಮ್ಮೆ ನೋಡಿ.